ಕಡ್ಡಿರಾಂಪುರದ ಬಂಡೆ, ಸಂಡೂರಿನ ಅದಿರು, ಐದು ಲಕ್ಷ ಇಟ್ಟಿಗೆ

ಹೊಸಪೇಟೆಯಿಂದ ಹಂಪಿಗೆ ಹೋಗೋ ದಾರಿಯಲ್ಲಿ ಕಡ್ಡಿರಾಂಪುರ ಬರುತ್ತೆ. ಸುತ್ತಲೂ ಗ್ರಾನೈಟ್, ಬಂಡೆ ಮೇಲೆ ಬಂಡೆ. ಹೊಸಪೇಟೆ ದಾಟಿ ದಕ್ಷಿಣಕ್ಕೆ ಸಂಡೂರಿನ ಕಡೆ ಹೋದರೆ ಕಲ್ಲೇ ಬೇರೆ: ಕಬ್ಬಿಣ, ಮ್ಯಾಂಗನೀಸ್ ಇರುವ ಶಿಸ್ಟ್ ಬೆಟ್ಟಗಳು. ಈ ಶಿಸ್ಟ್ ಪಟ್ಟಿ ಎಷ್ಟು ಆಳಕ್ಕೆ ಇಳಿದಿದೆ ಅಂತ ಅಗೆಯದೆ ತಿಳಿಯೋದು ಹೇಗೆ?

ಗ್ರಾನೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ. ಶಿಸ್ಟ್ ಪಟ್ಟಿಯಲ್ಲಿರುವ ಬಸಾಲ್ಟ್ ಮೂಲದ ಕಲ್ಲಿನದು 2.9ರ ಮೇಲೆ. ಹಾಗಾಗಿ ಪಟ್ಟಿಯ ಮೇಲೆ ಗುರುತ್ವ ಕೊಂಚ ಜಾಸ್ತಿ. ಕೊಂಚ ಅಂದ್ರೆ? ಸಾಂದ್ರತೆ 0.3 ಗ್ರಾಂ ಹೆಚ್ಚಿರುವ, 1 ಕಿ.ಮೀ. ದಪ್ಪದ ವಿಶಾಲ ಹಾಸು ಸೇರಿಸೋದು ಸುಮಾರು 12.6 ಮಿಲಿಗಾಲ್. ಭೂಮಿಯ ಒಟ್ಟು ಗುರುತ್ವ ಸುಮಾರು 9,80,000 ಮಿಲಿಗಾಲ್! ಉಪಕರಣವನ್ನು ಒಂದು ಮೀಟರ್ ಎತ್ತರಿಸಿದರೆ ಸಾಕು, ಸುಮಾರು 0.3 ಮಿಲಿಗಾಲ್ ಇಳಿಯುತ್ತೆ. ಪಕ್ಕದ ಗುಡ್ಡದ ಸೆಳೆತವನ್ನೂ ಲೆಕ್ಕ ಹಾಕಿ ಸರಿಪಡಿಸಬೇಕು.

ಇನ್ನು ಕಂಪ್ಯೂಟರ್ ಕೆಲಸ. ನೆಲವನ್ನು 100×100×50, ಅಂದರೆ 5,00,000 ಇಟ್ಟಿಗೆಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಒಂದು ಸಾಂದ್ರತೆ ಕೊಟ್ಟರೆ, ಮೇಲಿನ ಗುರುತ್ವ ಲೆಕ್ಕ ಹಾಕೋದು ಸುಲಭ. ನ್ಯೂಟನ್ ಸೂತ್ರ, ಒಂದು ದೊಡ್ಡ ಕೂಡಿಸುವ ಲೆಕ್ಕ, ಅಷ್ಟೇ. ತಲೆನೋವು ಇರೋದು ಉಲ್ಟಾ ದಾರಿಯಲ್ಲಿ. ಅಳತೆಗಳು 2,000 ಅಂದುಕೊಳ್ಳಿ, ಗೊತ್ತಿಲ್ಲದವು 5,00,000. ಲೀನಿಯರ್ ಆಲ್ಜೀಬ್ರಾ ಕ್ಲಾಸಿನಲ್ಲಿ ನಿದ್ದೆ ಮಾಡಿದವರಿಗೂ ಇದರ ಗತಿ ಅರ್ಥವಾಗುತ್ತೆ. ಮೇಲಿನ ಹಾಸನ್ನೇ ನೋಡಿ: ದಪ್ಪ 2 ಕಿ.ಮೀ., ವ್ಯತ್ಯಾಸ 0.15 ಗ್ರಾಂ ಅಂತ ಇಟ್ಟರೂ ಉತ್ತರ ಅದೇ 12.6. ಡೇಟಾಗೆ ಎರಡೂ ಸರಿ. ಬೋರ್ ಕೊರೆಸಿ ದುಡ್ಡು ಸುರಿಯುವವರಿಗೆ ಮಾತ್ರ ಒಂದೇ ಸರಿ.

ಸುಮ್ಮನೆ ಬಿಟ್ಟರೆ ಕಂಪ್ಯೂಟರ್ ಭಾರವನ್ನೆಲ್ಲ ಮೇಲ್ಪದರಕ್ಕೇ ತುಂಬುತ್ತೆ, ಯಾಕಂದ್ರೆ ಹತ್ತಿರದ ಇಟ್ಟಿಗೆಯ ಪ್ರಭಾವ ಜಾಸ್ತಿ. ಲೀ ಮತ್ತು ಓಲ್ಡನ್‌ಬರ್ಗ್ 1996ರಲ್ಲಿ ಕಾಂತ ಮಾಪನಕ್ಕೆ, 1998ರಲ್ಲಿ ಗುರುತ್ವಕ್ಕೆ ಪ್ರಕಟಿಸಿದ ವಿಧಾನ, ಆಳದ ಇಟ್ಟಿಗೆಗೂ ಅವಕಾಶ ಸಿಗುವಂತೆ ತೂಕ ಕೊಡುತ್ತದೆ. ಆದರೆ ಆ ತೂಕ ನೆಲ ಹೇಳಿದ್ದಲ್ಲ, ನಾವು ಕೊಟ್ಟಿದ್ದು. ಬಣ್ಣಬಣ್ಣದ ಮಾಡೆಲ್ ನೋಡಿದಾಗ ನಾವು ಮೊದಲು ಕೇಳಬೇಕಾದ್ದೇ ಇದು: ಏನೇನು ಊಹಿಸಿಕೊಂಡಿದ್ದೀರಿ?

ಕಾಂತಕ್ಷೇತ್ರ ಇನ್ನೂ ತರಲೆ. ಸಂಡೂರಿನ ಒಳ್ಳೆ ಅದಿರು ಹೆಚ್ಚಾಗಿ ಹೆಮಟೈಟ್, ಅದರ ಕಾಂತತ್ವ ದುರ್ಬಲ. ಜೋರಾಗಿ ಕೂಗೋದು ಮ್ಯಾಗ್ನಟೈಟ್. ಹಾಗಾಗಿ ಅತಿ ದೊಡ್ಡ ಸಿಗ್ನಲ್ ಇದ್ದಲ್ಲೇ ಅತಿ ಒಳ್ಳೆ ಅದಿರು ಇರಬೇಕಂತಿಲ್ಲ. ಜೊತೆಗೆ ನಮ್ಮ ಅಕ್ಷಾಂಶದಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿದೆ. ಧ್ರುವದ ಕಡೆಯ ದೇಶಗಳಲ್ಲಿ ಕಾಂತಶಿಲೆಯ ಮೇಲೆ ಶಿಖರ ಕಂಡರೆ, ಇಲ್ಲಿ ಸಾಮಾನ್ಯವಾಗಿ ಕಾಣೋದು ತಗ್ಗು.

ಪ್ರಯತ್ನಿಸಬೇಕೆನಿಸಿದರೆ ಪೈಥಾನಿನ ಸಿಂಪೆಗ್ ಲೈಬ್ರರಿ ಉಚಿತವಾಗಿದೆ. ಗೊತ್ತಿರುವ ಆಕಾರ ಒಂದನ್ನು ಹೂತಿಟ್ಟು, ಸ್ವಲ್ಪ ನಾಯ್ಸ್ ಬೆರೆಸಿ, ಉಲ್ಟಾ ಲೆಕ್ಕ ಮಾಡಿಸಿ. ಕೆಳಗಿನ ಅಂಚು ಎಷ್ಟು ಮಸುಕಾಗಿ ಬರುತ್ತೆ ನೋಡಿ.