ಹೆಸರಿಗೆ ಎಷ್ಟು ಬೆಲೆ?

ಅಂಗಡಿಯ ಬೋರ್ಡಿಗೆ ಅಜ್ಜನ ಹೆಸರು ಬರೆಸಲು ನಮ್ಮ ಹಿರಿಯರು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಇಂದು ಬ್ರಹ್ಮಸಮುದ್ರದ ಕಡಲೆಕಾಯಿ ಎಣ್ಣೆ ವ್ಯಾಪಾರಿ ಅಂತರ್ಜಾಲದಲ್ಲಿ ‘ಭರತ್ ಡಾಟ್ ಕಾಂ’ನಂಥ ವಿಳಾಸ ಬಯಸಿದರೆ, ಅದನ್ನು ಮೊದಲೇ ಹಿಡಿದಿಟ್ಟವರು ಇದ್ದೇ ಇರುತ್ತಾರೆ.

ಕೋರ್ಟು ಕೊಡಿಸೀತೇ? 2011ರಲ್ಲಿ ದೆಹಲಿ ಹೈಕೋರ್ಟು ಅರುಣ್ ಜೇಟ್ಲಿಯವರ ಹೆಸರಿನ ವಿಳಾಸವನ್ನು ಅವರಿಗೇ ಕೊಡಿಸಿತು. ಅದು ನಾಡೆಲ್ಲ ಬಲ್ಲ ಪೂರ್ಣ ಹೆಸರು. ಭರತ್ ಎಂಬುವರೋ ಲಕ್ಷಾಂತರ ಮಂದಿ. ಅಮೆರಿಕದ ಉಝಿ ನಿಸಾನ್ 1994ರಲ್ಲಿ ತಮ್ಮ ಮನೆತನದ ಹೆಸರಿನ ವಿಳಾಸ ಪಡೆದಿದ್ದರು. 1999ರಲ್ಲಿ ನಿಸಾನ್ ಕಾರು ಕಂಪನಿ ದಾವೆ ಹೂಡಿದರೂ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ.

ಆದ್ದರಿಂದ ಚೌಕಾಸಿಯೇ ದಾರಿ. ಹೆಸರು ಚಿಕ್ಕದೇ, ಇಂಗ್ಲಿಷಿನಲ್ಲಿ ಬರೆಯುವಾಗ ‘ಟಿ’ ಮುಂದೆ ‘ಎಚ್’ ಬೇಕೇ ಎಂಬ ಗೊಂದಲವಿದೆಯೇ, ಅಂಥ ಹೆಸರುಗಳು ಹಿಂದೆ ಎಷ್ಟಕ್ಕೆ ಮಾರಾಟವಾದವು ಎಂದು ನೋಡಬೇಕು. ಅದರಿಂದ ಹೆಚ್ಚುವ ಲಾಭವನ್ನು ಅಂದಾಜಿಸಿ, ನಮ್ಮ ಕೊನೆಯ ಬೆಲೆಯನ್ನು ಮಾತಿಗೆ ಮುಂಚೆಯೇ ಬರೆದಿಡಬೇಕು. ಆತುರ ತೋರಿಸಬಾರದು. ವಿಳಾಸ ನಮ್ಮ ಖಾತೆಗೆ ಬರುವವರೆಗೆ ಹಣ ನಂಬಿಕಸ್ಥ ಮಧ್ಯಸ್ಥರಲ್ಲಿರಲಿ.

ಬೆಲೆ ಮಿತಿ ಮೀರಿದರೆ ಎದ್ದು ಬರೋಣ. ‘ಭರತ್ ಎಣ್ಣೆ’ ಎಂಬಂಥ ಜೋಡಿ ಹೆಸರು ಖಾಲಿಯಿದ್ದರೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಅಜ್ಜ ಹೆಸರು ಗಳಿಸಿದ್ದು ಸರಿಯಾದ ತೂಕದಿಂದ. ಅದಕ್ಕಾಗಿ ನಾವು ಸಾಲ ಮಾಡಬೇಕಿಲ್ಲ.