ಎಂಟು ಲಕ್ಷ ಬಾತ್‌ನ ಅತಿಥಿ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ತಲೆ ನರೆತ ಬ್ರಿಟಿಷರು, ಜರ್ಮನರು, ಅಮೆರಿಕನ್ನರು ಕಾಣಸಿಗುತ್ತಾರೆ. ತಮ್ಮೂರಿನ ಚಳಿಯನ್ನೂ ದುಬಾರಿ ಬಾಡಿಗೆಯನ್ನೂ ಬಿಟ್ಟು, ಪಿಂಚಣಿ ನೆಚ್ಚಿಕೊಂಡು ಬಂದವರು. ಅಲ್ಲಿ ತಿಂಗಳ ಕೊನೆಗೆ ಎಳೆದಾಡುತ್ತಿದ್ದ ದುಡ್ಡು ಇಲ್ಲಿ ಬಾಡಿಗೆ, ಊಟ, ಮನೆಗೆಲಸದವರ ಸಂಬಳ ಎಲ್ಲಕ್ಕೂ ಒದಗುತ್ತದೆ. ಖಾಸಗಿ ಆಸ್ಪತ್ರೆಗಳೂ ಚೆನ್ನಾಗಿವೆ. ಸುಖದ ಮಾತು ಇಷ್ಟು ಸಾಕು. ಉಳಿದದ್ದನ್ನು ವೀಸಾ ಏಜೆಂಟರು ನನಗಿಂತ ಬಣ್ಣ ಕಟ್ಟಿ ಹೇಳುತ್ತಾರೆ.

ಕಾಗದಪತ್ರದ ಲೆಕ್ಕ ಬೇರೆ. ಹೆಚ್ಚಿನವರು ಹಿಡಿಯುವ ದಾರಿಯೆಂದರೆ, ನಿವೃತ್ತರೆಂಬ ಆಧಾರದ ಮೇಲೆ ವರ್ಷ ವರ್ಷವೂ ವಾಸದ ಅನುಮತಿ ಮುಂದುವರಿಸಿಕೊಳ್ಳುವುದು. ವಯಸ್ಸು 50 ತುಂಬಿರಬೇಕು. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಠೇವಣಿ ಇಡುವವರು ಅರ್ಜಿಗೆ 2 ತಿಂಗಳು ಮೊದಲೇ ಇಟ್ಟಿರಬೇಕು. ಅನುಮತಿ ಸಿಕ್ಕ ಮೇಲೂ 3 ತಿಂಗಳು ಮುಟ್ಟುವಂತಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಬೆಂಗಳೂರಿನ ಮನೆಮಾಲೀಕರ ಬಳಿ ಸಿಕ್ಕಿಬಿದ್ದ ಅಡ್ವಾನ್ಸ್‌ನಂತೆಯೇ ಇದು: ಹಣ ನಮ್ಮದೇ, ಆದರೆ ಆಸ್ಪತ್ರೆ ಬಿಲ್ ಎದುರಿಗೆ ಬಂದ ದಿನ ಅದರಲ್ಲಿ ಕೈಯಾಡಿಸಿದರೆ ಮುಂದಿನ ವರ್ಷದ ಅನುಮತಿಗೇ ಕುತ್ತು.

ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಅದೇನು ದೊಡ್ಡ ಕಷ್ಟವಲ್ಲ. ಜನ ಎಡವುವುದು ಮರುಪ್ರವೇಶ ಪರವಾನಗಿಯಲ್ಲಿ. ಅಣ್ಣ ತೀರಿಕೊಂಡ ಸುದ್ದಿ ಬಂದು, ಆ ಪರವಾನಗಿ ಪಡೆಯದೆ ವಿಮಾನ ಹತ್ತಿದರೆ, ದೇಶ ಬಿಟ್ಟ ಗಳಿಗೆಯಲ್ಲೇ ವರ್ಷದ ಅನುಮತಿ ರದ್ದಾಗುತ್ತದೆ. ವಾಪಸ್ ಬಂದವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹತ್ತು ವರ್ಷ ಇದ್ದರೂ ಇದೇ ಕಥೆ. ಈ ಅನುಮತಿ ಎಷ್ಟು ಸಲ ಮುಂದುವರಿದರೂ ತಾನಾಗಿ ಪೌರತ್ವವಾಗುವುದಿಲ್ಲ. ಕೆಲಸ ಮಾಡುವಂತೆಯೂ ಇಲ್ಲ.

ಸ್ವಂತ ಮನೆ? ವಿದೇಶಿಯರು ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. ಕಾಂಡೋಮಿನಿಯಂ ಫ್ಲಾಟ್ ಕೊಳ್ಳಬಹುದು, ಅದೂ ಕಟ್ಟಡದ ಒಟ್ಟು ಫ್ಲಾಟ್ ವಿಸ್ತೀರ್ಣದ 49% ಮಿತಿಯೊಳಗೆ. ಥಾಯ್ ಹೆಂಡತಿಯ ಹೆಸರಲ್ಲಿ ಜಮೀನು ಕೊಳ್ಳುವವರಿದ್ದಾರೆ. ಆಗ ಗಂಡ, ಈ ಹಣ ಅವಳದೇ ಎಂದು ಸಹಿ ಹಾಕಬೇಕು. ದಾಂಪತ್ಯ ಮುರಿದಾಗ ಆ ಸಹಿ ನೆನಪಾಗುತ್ತದೆ.

ತಾಯ್ನಾಡೂ ಕೈಬಿಡುವುದುಂಟು. ಥಾಯ್ಲೆಂಡಿನಲ್ಲಿ ನೆಲೆಸಿದ ಬ್ರಿಟಿಷರ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುವುದಿಲ್ಲ, ಇದ್ದಲ್ಲೇ ನಿಂತುಬಿಡುತ್ತದೆ. ಅಮೆರಿಕದ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಖಾಸಗಿ ವಿಮೆಯ ಕಂತು ವಯಸ್ಸಿನ ಜೊತೆ ಏರುತ್ತಲೇ ಇರುತ್ತದೆ. ಮೇಲಾಗಿ, ವರ್ಷಕ್ಕೆ 180 ದಿನ ಅಥವಾ ಹೆಚ್ಚು ಥಾಯ್ಲೆಂಡಿನಲ್ಲಿರುವವರು 2024ರಿಂದ ಗಳಿಸಿ ದೇಶದೊಳಗೆ ತಂದ ವಿದೇಶಿ ಆದಾಯ ಥಾಯ್ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ನಮ್ಮ ಕಡೆಯಿಂದ ಹೋಗಿ ನೆಲೆಸುವವರು ಭಾರತದ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಸರ್ಕಾರಿ ಪಿಂಚಣಿದಾರರಿಗೆ ವರ್ಷಕ್ಕೊಮ್ಮೆ ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡುವ ಕೆಲಸವೂ ತಪ್ಪುವುದಿಲ್ಲ.

ಏಜೆಂಟರ ಫೋಟೊಗಳಲ್ಲಿ ಕಾಣದ್ದು ಇನ್ನೊಂದಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿಗೂ ಬಿದ್ದ ಬೆಂಕಿಯ ಹೊಗೆ ಚಿಯಾಂಗ್ ಮಾಯ್ ಕಣಿವೆಯಲ್ಲಿ ಮಡುಗಟ್ಟುತ್ತದೆ, ಎದುರಿಗಿರುವ ದೊಯ್ ಸುಥೆಪ್ ಬೆಟ್ಟವೇ ಮರೆಯಾಗುತ್ತದೆ. ಅನುಕೂಲಸ್ಥರು ದಕ್ಷಿಣದ ಕಡಲ ತೀರಕ್ಕೆ ಹೊರಡುತ್ತಾರೆ. ಊರಿನ ಮನೆ ಮಾರುವ ಮೊದಲು ಒಂದು ಮಾರ್ಚ್ ತಿಂಗಳು ಈ ಕಣಿವೆಯಲ್ಲೇ ಬಾಡಿಗೆಗಿದ್ದು ಉಸಿರಾಡಿ ನೋಡಬೇಕು.