ಗಾಲ್ಫ್ ಹೊಡೆತ: ಮುಂಗೈ ತಿರುಗಲಿ, ಆದರೆ ಮೈಯನ್ನು ಬಿಟ್ಟು ಅಲ್ಲ



ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಬೆಳಿಗ್ಗೆ ಡ್ರೈವಿಂಗ್ ರೇಂಜ್‌ಗೆ ಹೋಗಿ ಒಂದೇ ಸಮನೆ ನೂರು ಚೆಂಡು ಹೊಡೆದು ಬರುವವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಪುಣೆ, ಹೈದರಾಬಾದ್, ಗುರುಗ್ರಾಮ, ಎಲ್ಲೇ ಇರಲಿ, ಆಫೀಸಿನವರು ಕರೆದರು ಅಂತ ಶುರುವಾಗುತ್ತದೆ. ಎರಡು ತಿಂಗಳಲ್ಲಿ ಮೊಣಕೈ ಹಿಡಿದುಕೊಳ್ಳುತ್ತದೆ. ಕಾಫಿ ಲೋಟ ಎತ್ತಿದರೂ ಚುಳ್ ಅನ್ನುತ್ತದೆ. "ನಿಮ್ಮ ಕೈ ಸರಿಯಾಗಿ ತಿರುಗುತ್ತಿಲ್ಲ" ಅಂತ ಪಕ್ಕದಲ್ಲಿ ಆಡುವವರು ಹೇಳುತ್ತಾರೆ. ಇವರು ಇನ್ನಷ್ಟು ತಿರುಗಿಸುತ್ತಾರೆ, ನೋವೂ ಇನ್ನಷ್ಟಾಗುತ್ತದೆ.

ಓದುತ್ತಿರುವಾಗಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕೈಯನ್ನು ಮುಂದಕ್ಕೆ ಮಡಚಿ, ಮುಷ್ಟಿಯಲ್ಲಿ ಒಂದು ಪೆನ್ನು ನೆಟ್ಟಗೆ ಹಿಡಿಯಿರಿ. ಈಗ ಅಂಗೈಯನ್ನು ಮೇಲೆ, ಕೆಳಗೆ ಮಾಡಿ. ಪೆನ್ನು ಎರಡೂ ಕಡೆಗೆ ಸುಮಾರು 80 ಡಿಗ್ರಿ ವಾಲಿ ನಿಂತುಬಿಡುತ್ತದೆ. ಮುಂಗೈಯ ಸ್ವಂತ ಶಕ್ತಿ ಇಷ್ಟೇ. ಈಗ ಕೈಯನ್ನು ಪೂರ್ತಿ ಚಾಚಿ ತಿರುಗಿಸಿ. ಜಾಸ್ತಿ ತಿರುಗಿತು, ಅಲ್ಲವೇ? ಭುಜ ಕೂಡಿಕೊಂಡಿತು. ಎದ್ದು ನಿಂತು ಸೊಂಟವನ್ನೂ ತಿರುಗಿಸಿದರೆ ಕೈ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಗಾಲ್ಫ್ ಹೊಡೆತದ ಗುಟ್ಟು ಇದರಲ್ಲೇ ಇದೆ.

ಮುಂಗೈಯಲ್ಲಿ ಎರಡು ಮೂಳೆಗಳು, ರೇಡಿಯಸ್ ಮತ್ತು ಅಲ್ನಾ. ಅಂಗೈ ಮೇಲೆ ಮಾಡಿದಾಗ ಎರಡೂ ಅಕ್ಕಪಕ್ಕ ಇರುತ್ತವೆ. ಅಂಗೈ ಕೆಳಗೆ ಮಾಡಿದರೆ ಹೆಬ್ಬೆರಳ ಕಡೆಯ ರೇಡಿಯಸ್ ಮೂಳೆ ಇನ್ನೊಂದರ ಮೇಲೆ ಅಡ್ಡ ಬರುತ್ತದೆ. ಹೀಗೆ ಅಂಗೈಯನ್ನು ಕೆಳಗೆ ತಿರುಗಿಸುವ ಮುಖ್ಯ ಸ್ನಾಯುಗಳಲ್ಲಿ ಒಂದು ಅಂಟಿಕೊಂಡಿರುವುದು ಮೊಣಕೈ ಒಳಬದಿಯ ಮೂಳೆಯ ಗಂಟಿಗೆ. ಕೋಲನ್ನು ಬಿಗಿಯಾಗಿ ಹಿಡಿಯುವ ಸ್ನಾಯುಗಳೂ ಅಲ್ಲೇ ಅಂಟಿಕೊಂಡಿವೆ. ಹಿಡಿತ, ತಿರುಚು, ಚೆಂಡಿನ ಏಟು, ಮೂರೂ ಒಂದೇ ಜಾಗಕ್ಕೆ ಬೀಳುತ್ತವೆ. ಅದಕ್ಕೇ ಆ ಜಾಗದ ನೋವಿಗೆ ಗಾಲ್ಫರ್ಸ್ ಎಲ್ಬೋ ಅಂತ ಹೆಸರು.

ಬಲಗೈಯವರು ಕೋಲು ಹಿಂದಕ್ಕೆ ಎತ್ತುವಾಗ ಎಡ ಅಂಗೈ ಕೆಳಮುಖವಾಗುತ್ತದೆ. ಚೆಂಡಿಗೆ ಬಡಿದು ಮುಂದೆ ಹೋಗುವಾಗ ಎಡಗೈ ಮೇಲ್ಮುಖವಾಗಿ, ಬಲಗೈ ಕೆಳಮುಖವಾಗಿ ತಿರುಗುತ್ತವೆ. ಇದು ಬೇಕೇ ಬೇಕು. ಅಮೆರಿಕದ ಬೆನ್ ಹೋಗನ್ 1957ರಲ್ಲಿ ಬಂದ ತಮ್ಮ 'ಫೈವ್ ಲೆಸನ್ಸ್' ಪುಸ್ತಕದಲ್ಲಿ ಎಡಗೈಯ ಈ ತಿರುವಿಗೆ ತುಂಬ ಮಹತ್ವ ಕೊಟ್ಟರು. ಆದರೆ ಅದೇ ಹೋಗನ್ ಕೆಳಗೆ ಬರುವ ಹೊಡೆತವನ್ನು ಸೊಂಟ ಶುರುಮಾಡಬೇಕು ಅಂತಲೂ ಒತ್ತಿ ಹೇಳಿದ್ದಾರೆ. ನಮ್ಮವರು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ ಅಂತ ನನಗನ್ನಿಸುತ್ತದೆ.

ಬಿಡುವುದಕ್ಕೂ ಕಾರಣ ಇದೆ. ದಿನಕ್ಕೆ ಒಂಬತ್ತು ತಾಸು ಕುರ್ಚಿ, ಎರಡು ತಾಸು ಟ್ರಾಫಿಕ್. ಸೊಂಟದ ಕೀಲು, ಬೆನ್ನಿನ ನಡುಭಾಗ ಎರಡೂ ಬಿಗಿದುಕೊಂಡಿರುತ್ತವೆ. ಹೊಡೆತದ ಮಧ್ಯೆ ಮೈ ನಿಂತುಬಿಡುತ್ತದೆ, ಕೈ ಮಾತ್ರ ಓಡುತ್ತದೆ. ಉಳಿದ ತಿರುವನ್ನೆಲ್ಲ ಮುಂಗೈಯೇ ಕ್ಷಣಾರ್ಧದಲ್ಲಿ ಮುಗಿಸಬೇಕು. ಬಲಗೈಯವರಿಗೆ ಬಲ ಮೊಣಕೈಯ ಒಳಬದಿ, ಎಡ ಮೊಣಕೈಯ ಹೊರಬದಿ ನೋಯುವುದು ಹೆಚ್ಚಾಗಿ ಹೀಗೆಯೇ. ರೇಂಜ್‌ನಲ್ಲಿ ಸಿಮೆಂಟಿನ ಮೇಲೆ ಹಾಸಿದ ಮ್ಯಾಟ್ ಇದ್ದರಂತೂ ಪ್ರತಿ ತಪ್ಪು ಹೊಡೆತವೂ ನೇರ ಮೊಣಕೈಗೆ ಬಡಿಯುತ್ತದೆ.

ನಿಮ್ಮ ಮೈ ಎಷ್ಟು ತಿರುಗುತ್ತದೆ ನೋಡಿಕೊಳ್ಳಿ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಂಡಿಗಳನ್ನು ಜೋಡಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿ, ಸೊಂಟ ಅಲುಗಿಸದೆ ಎಡಕ್ಕೂ ಬಲಕ್ಕೂ ತಿರುಗಿ. ಎರಡೂ ಕಡೆಗೆ 45 ಡಿಗ್ರಿ ಆದರೂ ಬರಬೇಕು. ಬರದಿದ್ದರೆ ಹೊಸ ಕೋಲು ಕೊಳ್ಳುವ ದುಡ್ಡು ಉಳಿಸಿ, ಒಂದು ತಿಂಗಳು ದಿನಾ ಹತ್ತು ಸಲ ಇದನ್ನೇ ಮಾಡಿ.

ಆಮೇಲೆ ಟವೆಲ್ ಅಭ್ಯಾಸ. ಎದೆಗೆ ಅಡ್ಡಲಾಗಿ ಟವೆಲ್ ಇಟ್ಟು ಎರಡು ತುದಿಯನ್ನೂ ಕಂಕುಳಲ್ಲಿ ಹಿಡಿಯಿರಿ. ಥರ್ಮಾಮೀಟರ್ ಹಿಡಿದಷ್ಟೇ ಒತ್ತಡ ಸಾಕು. ಸಣ್ಣ ಅರ್ಧ ಹೊಡೆತ, ಗಡಿಯಾರದ 9ರಿಂದ 3ರವರೆಗೆ ಮಾತ್ರ. ಟವೆಲ್ ಜಾರಿತು ಅಂದರೆ ಕೈ ಮೈಯನ್ನು ಬಿಟ್ಟು ಓಡಿತು ಅಂತ ಅರ್ಥ. ಎದೆ ತಿರುಗಿದರೆ ಮುಂಗೈ ತಾನಾಗಿಯೇ ತಿರುಗುವುದು ಗೊತ್ತಾಗುತ್ತದೆ. ಪೂರ್ತಿ ಹೊಡೆತಕ್ಕೆ ಟವೆಲ್ ಬೇಡ, ಅಲ್ಲಿ ಕೈ ಸ್ವಲ್ಪ ದೂರ ಹೋಗಲೇಬೇಕು.

ದೂರ ಹೊಡೆಯದಿದ್ದರೆ ಮರ್ಯಾದೆ ಹೋಗುತ್ತದೆ ಅನ್ನುವವರಿಗೆ ಒಂದು ಮಾತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಹೆಸರು ಮಾಡಿದ್ದು ದೂರದ ಹೊಡೆತಕ್ಕಲ್ಲ, ಪಟಿಂಗ್‌ಗೆ.

ನೋವು ಈಗಾಗಲೇ ಬಂದಿದ್ದರೆ ಕೆಲವು ವಾರ ಚೆಂಡು ಹೊಡೆಯುವುದು ನಿಲ್ಲಿಸಿ, ಆದರೆ ಕೈಯನ್ನು ಪೂರ್ತಿ ಸುಮ್ಮನಿಡಬೇಡಿ. ಸುತ್ತಿಗೆಯ ಹಿಡಿಯ ತುದಿ ಹಿಡಿದು, ಮೊಣಕೈ ಪಕ್ಕೆಗಿಟ್ಟು, ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ. ಭಾರ ಅನ್ನಿಸಿದರೆ ಸುತ್ತಿಗೆಯ ತಲೆಯ ಹತ್ತಿರ ಹಿಡಿಯಿರಿ. ಸುತ್ತಿಗೆ ಇಲ್ಲದ ಮನೆಯಲ್ಲಿ ಉದ್ದ ಹಿಡಿಯ ಸೌಟು ಆದೀತು. ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಟ್ಟರೂ ನೋವು ಮರಳಿ ಬರುವುದುಂಟು, ಡಾಕ್ಟರ ಹತ್ತಿರ ಕೇಳಿ ನಿರ್ಧರಿಸಿ.

ಅಂದಹಾಗೆ ಈ ನೋವಿಗೆ ಗಾಲ್ಫ್ ಆಡಲೇಬೇಕೆಂದಿಲ್ಲ. ನೆಲ ಒರೆಸುವ ಬಟ್ಟೆ ಹಿಂಡುವ, ಬಿಗಿ ಮುಚ್ಚಳ ತಿರುಗಿಸುವ ಅಮ್ಮಂದಿರಿಗೂ ಇದೇ ಜಾಗ ನೋಯುತ್ತದೆ. ಅವರಿಗೂ ಇದೇ ವ್ಯಾಯಾಮ.

ಎರಡು ಎಚ್ಚರಿಕೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ ಅದು ನರದ ತೊಂದರೆ ಇರಬಹುದು, ಬೇಗ ತೋರಿಸಿ. ಎಡಗೈ ನೋವಿನ ಜೊತೆ ಎದೆ ಹಿಸುಕಿದಂತೆ, ತಣ್ಣನೆ ಬೆವರು, ಉಸಿರು ಕಟ್ಟಿದಂತೆ ಆದರೆ "ನಿನ್ನೆ ಆಡಿದ್ದಕ್ಕೆ" ಅಂತ ಮಲಗಬೇಡಿ, ಕೂಡಲೇ 112ಕ್ಕೆ ಫೋನ್ ಮಾಡಿ. ಹೃದಯಾಘಾತವೂ ಎಡಗೈಯಲ್ಲೇ ನೋಯಬಹುದು.

ಊರಿಂದ ಬಂದ ಹಿರಿಯರು ಇಲ್ಲಿನ ಕ್ಲಿನಿಕ್‌ಗೆ ಒಬ್ಬರೇ ಹೋಗಬೇಕಾದರೆ ಹೇಳಿಕೊಡಿ: ಮೊಣಕೈಗೆ ಮರಾಠಿಯಲ್ಲಿ ಕೋಪರ್, ಹಿಂದಿಯಲ್ಲಿ ಕೊಹನಿ, ತಮಿಳಿನಲ್ಲಿ ಮುಳಂಗೈ, ತೆಲುಗಿನಲ್ಲಿ ಮೋಚೇಯಿ. ನೋವು ಒಳಬದಿಯೋ ಹೊರಬದಿಯೋ ಅಂತ ಬೆರಳಿಟ್ಟು ತೋರಿಸಿದರೆ ಡಾಕ್ಟರಿಗೆ ಅರ್ಧ ಕೆಲಸ ಆದಂತೆ.